ಮೇಲಿನ ಕೀಬೋರ್ಡಲ್ಲಿ ಬಟನ್ ಒತ್ತಿದರೆ ಕೆಳಗಿನದರ ಟೋನ್ ಬದಲಾಗುತ್ತಿಲ್ಲವೇ?

ಎರಡು ಕೀಬೋರ್ಡ್ ಇಟ್ಟುಕೊಂಡು ನುಡಿಸುವವರಿಗೆ ಈ ತೊಂದರೆ ಒಂದಲ್ಲ ಒಂದು ದಿನ ಬಂದೇ ಬರುತ್ತದೆ. ಮೇಲಿನದರಿಂದ ಕೆಳಗಿನದಕ್ಕೆ ಮಿಡಿ ಕೇಬಲ್ (ಒಂದು ಕೀಬೋರ್ಡ್ ಇನ್ನೊಂದಕ್ಕೆ ಸಂದೇಶ ಕಳಿಸುವ ಕೇಬಲ್) ಹಾಕಿದ್ದೀರಿ, ನುಡಿಸಿದರೆ ಸೌಂಡ್ ಬರುತ್ತಿದೆ, ಆದರೆ ಟೋನ್ ಬಟನ್ ಒತ್ತಿದರೆ ಕೆಳಗಿನದು ಜಪ್ಪಯ್ಯ ಅಂದರೂ ಬದಲಾಗುವುದಿಲ್ಲ. ಇಲ್ಲವೇ ವಯೊಲಿನ್ ಕೇಳಿದರೆ ಇನ್ನೇನೋ ಬರುತ್ತದೆ. ಆಗ ಜಾಸ್ತಿ ಜನ ಮಾಡುವುದು ಒಂದೇ. ಮೆನುವಿಗೆ ಹೋಗಿ ಕಂಡ ಕಂಡ ಸೆಟ್ಟಿಂಗ್ ಎಲ್ಲ ತಿರುಗಿಸುವುದು, ಅದರಿಂದಲೂ ಆಗದಿದ್ದರೆ ಫ್ಯಾಕ್ಟರಿ ರೀಸೆಟ್. ದಯವಿಟ್ಟು ರೀಸೆಟ್ ಕಡೆ ಹೋಗಬೇಡಿ. ಪೆನ್‌ಡ್ರೈವಿನಿಂದ ಹಾಕಿಸಿಕೊಂಡ ಟೋನ್‌ಗಳೆಲ್ಲ ಅಳಿಸಿಹೋಗಬಹುದು, ತೊಂದರೆ ಮಾತ್ರ ಇದ್ದಲ್ಲೇ ಇರುತ್ತದೆ.

ಇಂಥ ಹೊತ್ತಲ್ಲಿ ಕೀಬೋರ್ಡೇ ಕೆಟ್ಟಿರುವುದು ತೀರಾ ಅಪರೂಪ. ನೋಟ್ ಬರುತ್ತಿದೆ ಎಂದಮೇಲೆ ಕೇಬಲ್ ಸರಿಯಿದೆ, ಪೋರ್ಟ್ ಸರಿಯಿದೆ. ಹುಡುಕಬೇಕಾದ್ದು ಇಷ್ಟೇ: ಟೋನ್ ಬದಲಿಸು ಎಂಬ ಸಂದೇಶ ಹೊರಡುತ್ತಿದೆಯಾ, ಯಾವ ಚಾನೆಲ್‌ನಲ್ಲಿ ಹೊರಡುತ್ತಿದೆ, ಆ ಕಡೆಯ ಯಂತ್ರ ಅದನ್ನು ತಗೊಳ್ಳುವಂತೆ ಸೆಟ್ ಆಗಿದೆಯಾ, ತಗೊಂಡರೂ ಅದನ್ನು ಯಾವ ಬ್ಯಾಂಕಿನ (ಟೋನ್‌ಗಳ ಗುಂಪಿನ) ಯಾವ ನಂಬರ್ ಎಂದು ಓದಿಕೊಳ್ಳುತ್ತಿದೆ. ಈ ಸಾಲಿನಲ್ಲೇ ಹೋಗಿ. ನಡುವಿನಿಂದ ಶುರು ಮಾಡಿದರೆ ಸುಮ್ನೆ ಸುತ್ತುತ್ತೀರಿ.

ಕೇಬಲ್‌ನಲ್ಲಿ ಹೋಗುವುದು ಏನು

ಮಿಡಿ ಕೇಬಲ್‌ನಲ್ಲಿ ಸೌಂಡ್ ಹೋಗುವುದಿಲ್ಲ. ಟೋನಿನ ಹೆಸರೂ ಹೋಗುವುದಿಲ್ಲ. ನಂಬರ್ ಮಾತ್ರ ಹೋಗುತ್ತದೆ.

1983ರ ಜನವರಿಯಲ್ಲಿ ಅಮೆರಿಕದ ನ್ಯಾಮ್ ಎಂಬ ಸಂಗೀತ ವಾದ್ಯಗಳ ಮೇಳದಲ್ಲಿ ಸೀಕ್ವೆನ್ಷಿಯಲ್ ಸರ್ಕ್ಯೂಟ್ಸ್ ಕಂಪನಿಯ ಪ್ರಾಫೆಟ್-600 ಮತ್ತು ರೋಲ್ಯಾಂಡ್‌ನ ಜುಪಿಟರ್-6 ಎಂಬ ಎರಡು ಸಿಂಥಸೈಜರ್‌ಗಳನ್ನು ಮಿಡಿಯಿಂದ ಜೋಡಿಸಿ ತೋರಿಸಿದರು. ಆಗ ಹಾಕಿದ ಲೆಕ್ಕವೇ ಇವತ್ತಿಗೂ ನಡೆಯುತ್ತಿದೆ. ಒಂದು ಕೇಬಲ್‌ನಲ್ಲಿ 16 ಚಾನೆಲ್, ಪ್ರತಿ ಚಾನೆಲ್‌ಗೆ 128 ಪ್ರೋಗ್ರಾಂ, ಅಂದರೆ ಟೋನ್ ನಂಬರ್. ಪ್ರೋಗ್ರಾಂ ಚೇಂಜ್ ಎಂದರೆ ಬರೀ ಎರಡು ಬೈಟಿನ ಸಂದೇಶ. ಮೊದಲ ಬೈಟಿನಲ್ಲಿ ‘ಟೋನ್ ಬದಲಿಸು, ಇಂಥ ಚಾನೆಲ್’ ಎಂದಿರುತ್ತದೆ, ಎರಡನೆಯದರಲ್ಲಿ 0ಯಿಂದ 127ರೊಳಗಿನ ಒಂದು ಸಂಖ್ಯೆ. ಅದು ಮನೆ ನಂಬರ್ ಇದ್ದಂತೆ, ಒಳಗೆ ಯಾರಿದ್ದಾರೆ ಎಂದು ನಂಬರಿಗೆ ಗೊತ್ತಿಲ್ಲ. ಮೇಲಿನ ಕೀಬೋರ್ಡಿನ ಡಿಸ್‌ಪ್ಲೇಯಲ್ಲಿ ವಯೊಲಿನ್ ಎಂದು ಕಾಣುತ್ತಿದ್ದರೂ ಕೆಳಗಿನದಕ್ಕೆ ತಲುಪುವುದು 40 ಎಂಬ ಸಂಖ್ಯೆ ಮಾತ್ರ. ಅಲ್ಲಿ ಆ ಜಾಗದಲ್ಲಿ ಏನಿದೆಯೋ ಅದೇ ನುಡಿಯುತ್ತದೆ.

ನಮ್ಮ ಆರ್ಕೆಸ್ಟ್ರಾದವರಿಗೆ ಇದು ಇನ್ನೂ ಮುಖ್ಯ. ನಾದಸ್ವರ, ಶಹನಾಯಿ, ಹಾರ್ಮೋನಿಯಂ ಅಂತ ಟೋನ್ ಡೇಟಾ ಕೊಂಡು ಯೂಸರ್ ಬ್ಯಾಂಕಿಗೆ ಹಾಕಿಸಿಕೊಳ್ಳುವುದು ನಮ್ಮಲ್ಲಿ ಜಾಸ್ತಿ ಅಲ್ವಾ? ಹೊಸ ಡೇಟಾ ಹಾಕಿದ ದಿನ ಹಳೆಯ ಟೋನ್ ಇದ್ದ ಜಾಗಕ್ಕೆ ಬೇರೆಯದು ಬಂದು ಕೂರುತ್ತದೆ. ಮೇಲಿನ ಕೀಬೋರ್ಡ್ ಹಳೆಯ ನಂಬರನ್ನೇ ಕಳಿಸುತ್ತಿರುತ್ತದೆ. ಮಿಡಿ ಕೆಟ್ಟಿದೆ ಎಂದು ರಿಪೇರಿ ಅಂಗಡಿಗೆ ಹೊತ್ತುಕೊಂಡು ಹೋಗುವ ಮುಂಚೆ, ಈಚೆಗೆ ಡೇಟಾ ಹಾಕಿಸಿದ್ದೀರಾ ಎಂದು ನಿಮ್ಮನ್ನೇ ಕೇಳಿಕೊಳ್ಳಿ.

ಮೊದಲು ಕಣ್ಣಿಂದ ನೋಡಿ

ಕಿವಿಯಿಂದ ಮಿಡಿ ತೊಂದರೆ ಹುಡುಕುವುದು ಕಷ್ಟ. ಏನು ಹೋಗುತ್ತಿದೆ ಎಂದು ಕಣ್ಣಿಂದ ನೋಡಿದರೆ ಅರ್ಧ ಕೆಲಸ ಮುಗಿದ ಹಾಗೆ. ವಿಂಡೋಸ್‌ನಲ್ಲಿ ಮಿಡಿ-ಆಕ್ಸ್, ಮ್ಯಾಕ್‌ನಲ್ಲಿ ಮಿಡಿ ಮಾನಿಟರ್, ಲಿನಕ್ಸ್‌ನಲ್ಲಿ ಎಸೆಕ್‌ಡಂಪ್, ಮೂರೂ ಬಿಟ್ಟಿ ಸಿಗುತ್ತವೆ. ಕಂಪ್ಯೂಟರ್ ಇಲ್ಲದಿದ್ದರೆ ಆಂಡ್ರಾಯ್ಡ್ ಫೋನಿಗೆ ಒಟಿಜಿ ಕೇಬಲ್ ಹಾಕಿ ಯಾವುದಾದರೂ ಮಿಡಿ ಮಾನಿಟರ್ ಆ್ಯಪ್ ತೆರೆದರೂ ನಡೆಯುತ್ತದೆ.

ಈಗ ಮೇಲಿನ ಕೀಬೋರ್ಡನ್ನು ಮಾತ್ರ ಜೋಡಿಸಿ. ಒಂದು ಕೀ ಒತ್ತಿ, ಆಮೇಲೆ ಟೋನ್ ಬಟನ್ ಒತ್ತಿ. ನೋಟ್ ಕಾಣಿಸಿ ಪ್ರೋಗ್ರಾಂ ಚೇಂಜ್ ಕಾಣಿಸದಿದ್ದರೆ ತಪ್ಪು ಕಳಿಸುವ ಕಡೆಯೇ ಇದೆ, ಕೆಳಗಿನದನ್ನು ಮುಟ್ಟುವ ಅಗತ್ಯವೇ ಇಲ್ಲ. ಕಳಿಸುವದರ ಮಿಡಿ ಮೆನುವಿನಲ್ಲಿ ‘ಟಿಎಕ್ಸ್ ಪ್ರೋಗ್ರಾಂ ಚೇಂಜ್’ ಅಥವಾ ‘ಟ್ರಾನ್ಸ್‌ಮಿಟ್’ ಎಂಬ ಸ್ವಿಚ್ ಹುಡುಕಿ ಆನ್ ಮಾಡಿ. ಅದರ ಪಕ್ಕದಲ್ಲೇ ‘ಟಿಎಕ್ಸ್ ಬ್ಯಾಂಕ್ ಸೆಲೆಕ್ಟ್’ ಇರುತ್ತದೆ, ಅದನ್ನೂ ನೋಡಿಕೊಳ್ಳಿ. ಸೌಂಡ್ ಇಲ್ಲದ ಬರೀ ಕಂಟ್ರೋಲರ್ ಕೀಬೋರ್ಡ್ ಆಗಿದ್ದರೆ ಯಾವ ಬಟನ್ ಒತ್ತಿದರೆ ಪ್ರೋಗ್ರಾಂ ಚೇಂಜ್ ಹೋಗಬೇಕು ಎಂದು ಅನೇಕ ಸಲ ನೀವೇ ಹೇಳಿಕೊಡಬೇಕಾಗುತ್ತದೆ.

ಪ್ರೋಗ್ರಾಂ ಚೇಂಜ್ ಕಾಣಿಸಿತು ಎಂದುಕೊಳ್ಳಿ. ಸಾಲಿನಲ್ಲಿ ‘ಸಿ1 28’ ಎಂದಿದೆ. ಇದು ಹೆಕ್ಸ್ ಲೆಕ್ಕ, ಅಂದರೆ ಹತ್ತರ ಬದಲು ಹದಿನಾರರ ಎಣಿಕೆ, ಹೆದರಬೇಡಿ. ಸಿ ಎಂದರೆ ಪ್ರೋಗ್ರಾಂ ಚೇಂಜ್. ಪಕ್ಕದ 1 ಚಾನೆಲ್, ಆದರೆ ಯಂತ್ರ 0ಯಿಂದ ಎಣಿಸುವುದರಿಂದ ಅದು ನಮಗೆ 2ನೇ ಚಾನೆಲ್. 28 ಎಂಬುದು ನಮ್ಮ ಲೆಕ್ಕದಲ್ಲಿ 40, ಅದನ್ನೂ 0ಯಿಂದ ಎಣಿಸಿದ್ದರಿಂದ ಜನರಲ್ ಮಿಡಿ (ಎಲ್ಲ ಕಂಪನಿಗಳಿಗೂ ಒಂದೇ ಆದ ಟೋನ್ ಪಟ್ಟಿ) ಪಟ್ಟಿಯಲ್ಲಿ 41, ಅಂದರೆ ವಯೊಲಿನ್. ಕೀ ಒತ್ತಿದಾಗ ‘9’ರಿಂದ ಶುರುವಾಗುವ ಸಾಲು ಬರುತ್ತದೆ, ಅದು ನೋಟ್. ನೋಟ್ ‘90’ ಎಂದು ಬಂದು ಪ್ರೋಗ್ರಾಂ ಚೇಂಜ್ ‘ಸಿ1’ ಎಂದು ಬಂದರೆ ಎರಡೂ ಬೇರೆ ಬೇರೆ ಚಾನೆಲ್‌ನಲ್ಲಿ ಹೋಗುತ್ತಿವೆ. ಸ್ಪ್ಲಿಟ್, ಲೇಯರ್ ಹಾಕಿದ ಕೀಬೋರ್ಡ್‌ಗಳಲ್ಲಿ ಇದು ತುಂಬಾ ಸಾಮಾನ್ಯ: ಬಲಗೈ 1ರಲ್ಲಿ ನುಡಿಸುತ್ತದೆ, ಬಟನ್ ಮಾತ್ರ ಎರಡನೇ ಲೇಯರಿನ ಟೋನ್ ಬದಲಿಸುತ್ತದೆ. ಕೆಳಗಿನ ಸಿಂಥ್ (ಸಿಂಥಸೈಜರ್ ಕೀಬೋರ್ಡ್) 1ನ್ನು ಮಾತ್ರ ಕೇಳುತ್ತಿದ್ದರೆ ಬದಲಾಗುವುದು ಹೇಗೆ?

ವಿಂಡೋಸ್‌ನವರಿಗೆ ಒಂದು ಮಾತು. ಹಳೆಯ ಮಿಡಿ ಡ್ರೈವರುಗಳಲ್ಲಿ ಅನೇಕವು ಒಂದು ಹೊತ್ತಿಗೆ ಒಂದೇ ಸಾಫ್ಟ್‌ವೇರಿಗೆ ಪೋರ್ಟ್ ಬಿಟ್ಟುಕೊಡುತ್ತವೆ. ಹಿಂದೆ ರೆಕಾರ್ಡಿಂಗ್ ಸಾಫ್ಟ್‌ವೇರ್ ತೆರೆದಿದ್ದರೆ ಮಿಡಿ-ಆಕ್ಸ್‌ನಲ್ಲಿ ಪೋರ್ಟ್ ತೆರೆಯುವುದಿಲ್ಲ, ಎರರ್ ಬರುತ್ತದೆ. ಅದನ್ನು ಕೀಬೋರ್ಡಿನ ತೊಂದರೆ ಎಂದುಕೊಳ್ಳಬೇಡಿ.

ಏನೂ ಬರುತ್ತಿಲ್ಲ, ನೋಟೂ ಇಲ್ಲ

ಇದು ಬೇಗ ಮುಗಿಯುವ ಕೇಸು. ಔಟ್‌ನಿಂದ ಇನ್‌ಗೆ ಹಾಕಿದ್ದೀರಾ ನೋಡಿ. ಥ್ರೂ ಪೋರ್ಟಿಗೆ ಹಾಕಿದ್ದರೆ ಅದು ಇನ್‌ಗೆ ಬಂದಿದ್ದನ್ನು ಮಾತ್ರ ಮುಂದೆ ಕಳಿಸುತ್ತದೆ, ನಿಮ್ಮ ಕೈಯಿಂದ ನುಡಿಸಿದ್ದನ್ನಲ್ಲ. ಅಗ್ಗದ ಯುಎಸ್‌ಬಿ ಮಿಡಿ ಕೇಬಲ್‌ಗಳಲ್ಲಿ ‘ಇನ್’ ಎಂದು ಬರೆದ ಪ್ಲಗ್ ಕೀಬೋರ್ಡಿನ ಔಟ್‌ಗೆ ಹೋಗಬೇಕೋ ಇನ್‌ಗೆ ಹೋಗಬೇಕೋ ಎನ್ನುವುದು ಮಾಡಿದವರ ಮರ್ಜಿ. ಎರಡೂ ಪ್ಲಗ್ ಅದಲು ಬದಲು ಮಾಡಿ ನೋಡಿ, ಏನೂ ಸುಡುವುದಿಲ್ಲ. ಹಾಗೆಯೇ ಕೀಬೋರ್ಡ್ ಹಿಂದಿನ ಚೌಕಾಕಾರದ ಯುಎಸ್‌ಬಿ ಪೋರ್ಟ್ ಕಂಪ್ಯೂಟರಿಗೆ ಮಾತ್ರ. ಎರಡು ಕೀಬೋರ್ಡ್‌ಗಳ ಆ ಪೋರ್ಟ್‌ಗಳನ್ನು ನೇರ ಜೋಡಿಸಿದರೆ ಮಾತಾಡುವುದಿಲ್ಲ, ನಡುವೆ ಕಂಪ್ಯೂಟರೋ ಯುಎಸ್‌ಬಿ ಹೋಸ್ಟ್ ಡಬ್ಬವೋ ಬೇಕು. ಯಮಹಾ ಮೋಟಿಫ್, ಎಂಓಎಕ್ಸ್ ಥರದವುಗಳಲ್ಲಿ ‘ಮಿಡಿ ಇನ್/ಔಟ್’ ಎಂಬ ಸೆಟ್ಟಿಂಗ್ ಇದೆ. ಅದು ಯುಎಸ್‌ಬಿ ಎಂದಿದ್ದರೆ ಐದು ಪಿನ್ನಿನ ಪೋರ್ಟಿನಲ್ಲಿ ಏನೂ ಬರುವುದಿಲ್ಲ.

ಹೊಸ ಪುಟ್ಟ ಸಿಂಥ್‌ಗಳಲ್ಲಿ ಇಯರ್‌ಫೋನಿನಂಥ 3.5 ಮಿಲಿಮೀಟರ್ ಜ್ಯಾಕ್ ಇರುತ್ತದಲ್ಲ, ಅದರಲ್ಲಿ ಎ ಟೈಪ್, ಬಿ ಟೈಪ್ ಎಂದು ಎರಡು ಬಗೆ. 2018ರಲ್ಲಿ ಎ ಟೈಪನ್ನೇ ಸ್ಟ್ಯಾಂಡರ್ಡ್ ಮಾಡಿದರು, ಅದಕ್ಕೆ ಮುಂಚೆ ಬಂದ ಕೆಲವು ಕಂಪನಿಗಳ ಯಂತ್ರಗಳಲ್ಲಿ ಬಿ ಇದೆ. ಅಡಾಪ್ಟರ್ ತಪ್ಪಿದರೆ ಪೂರ್ತಿ ಮೌನ.

ಕೆಳಗಿನ ಕೀಬೋರ್ಡಿನ ಸ್ವಂತ ಕೀಗಳೇ ಸೌಂಡ್ ಮಾಡುತ್ತಿಲ್ಲ, ಮಿಡಿಯಿಂದ ಬಂದರೆ ಮಾತ್ರ ಮಾಡುತ್ತದೆ ಎಂದರೆ ‘ಲೋಕಲ್’ ಆಫ್ ಆಗಿದೆ. ಆನ್ ಮಾಡಿ. ಯಾರೋ ರೆಕಾರ್ಡಿಂಗ್‌ಗೆ ಆಫ್ ಮಾಡಿ ಹಾಗೇ ಬಿಟ್ಟಿರುತ್ತಾರೆ.

ಸಂದೇಶ ಬರುತ್ತಿದೆ, ಟೋನ್ ಬದಲಾಗುತ್ತಿಲ್ಲ

ಜಾಸ್ತಿ ಜನ ಸಿಕ್ಕಿಹಾಕಿಕೊಳ್ಳುವುದು ಇಲ್ಲೇ, ಆದ್ದರಿಂದ ನಿಧಾನವಾಗಿ ನೋಡೋಣ.

ಮೊದಲು ಕೆಳಗಿನದರ ‘ಆರ್‌ಎಕ್ಸ್ ಪ್ರೋಗ್ರಾಂ ಚೇಂಜ್’ ಸ್ವಿಚ್ (ಆರ್‌ಎಕ್ಸ್ ಎಂದರೆ ರಿಸೀವ್). ಆಫ್ ಇದ್ದರೆ ಸಂದೇಶ ಬಂದರೂ ಯಂತ್ರ ತಿರುಗಿಯೂ ನೋಡುವುದಿಲ್ಲ. ಕೊರ್ಗ್ ಟ್ರೈಟಾನ್ ಥರದವುಗಳಲ್ಲಿ ಗ್ಲೋಬಲ್ ಪುಟದ ಮಿಡಿ ಫಿಲ್ಟರ್‌ನಲ್ಲಿ ಪ್ರೋಗ್ರಾಂ, ಬ್ಯಾಂಕ್, ಕಾಂಬಿ ಎಂದು ಬೇರೆ ಬೇರೆ ಟಿಕ್ ಇವೆ. ಪ್ರೋಗ್ರಾಂ ಟಿಕ್ ಇದ್ದು ಬ್ಯಾಂಕ್ ಟಿಕ್ ಇಲ್ಲದಿದ್ದರೆ ಟೋನ್ ಬದಲಾಗುತ್ತದೆ, ಆದರೆ ಈಗ ಇರುವ ಬ್ಯಾಂಕಿನೊಳಗೇ ಸುತ್ತುತ್ತದೆ.

ಆಮೇಲೆ ಮೋಡ್. ಸಿಂಥ್‌ಗಳಲ್ಲಿ ಸಾಮಾನ್ಯವಾಗಿ ಒಂಟಿ ಟೋನಿನ ಮೋಡ್ ಒಂದು, ಹಲವು ಟೋನ್ ಸೇರಿಸಿದ ಮೋಡ್ ಇನ್ನೊಂದು ಇರುತ್ತದೆ. ರೋಲ್ಯಾಂಡ್ ಇವನ್ನು ಪ್ಯಾಚ್, ಪರ್ಫಾರ್ಮೆನ್ಸ್ ಎನ್ನುತ್ತದೆ, ಕೊರ್ಗ್ ಪ್ರೋಗ್ರಾಂ, ಕಾಂಬಿನೇಷನ್ (ಕಾಂಬಿ) ಎನ್ನುತ್ತದೆ. ಒಂದು ಮೋಡ್‌ನಲ್ಲಿ ಹಾಕಿದ ಚಾನೆಲ್ ಇನ್ನೊಂದಕ್ಕೆ ಲೆಕ್ಕಕ್ಕಿಲ್ಲ. ರೋಲ್ಯಾಂಡ್ ಜುನೊ-ಡಿಎಸ್‌ನಲ್ಲಿ ಪ್ಯಾಚ್ ಮೋಡ್‌ಗೆ ‘ಕೆಬಿಡಿ ಪ್ಯಾಚ್ ಆರ್‌ಎಕ್ಸ್/ಟಿಎಕ್ಸ್ ಚಾನೆಲ್’ ಎಂದು ಸಿಸ್ಟಂನಲ್ಲಿ ಒಂದು ಚಾನೆಲ್ ಇದೆ. ಪರ್ಫಾರ್ಮೆನ್ಸ್‌ಗೆ ಹೋದರೆ ಪ್ರತಿ ಪಾರ್ಟಿಗೂ, ಅಂದರೆ ಸೇರಿಸಿದ ಒಂದೊಂದು ಟೋನಿಗೂ, ತನ್ನದೇ ಚಾನೆಲ್. ಸಿಸ್ಟಂನಲ್ಲಿ ಎಷ್ಟು ಬದಲಾಯಿಸಿದರೂ ಪರ್ಫಾರ್ಮೆನ್ಸ್‌ನಲ್ಲಿ ಏನೂ ಆಗುವುದಿಲ್ಲ ಎಂದು ಗೋಳಾಡುವವರು ನೋಡಬೇಕಾದ ಜಾಗ ಆ ಪಾರ್ಟಿನ ಪುಟ. ಪಾರ್ಟ್ ಪುಟದಲ್ಲೂ ‘ರಿಸೀವ್ ಪ್ರೋಗ್ರಾಂ ಚೇಂಜ್’ ಬೇರೆಯೇ ಇರಬಹುದು. ಸಿಸ್ಟಂನದೂ ಆನ್ ಇರಬೇಕು, ಪಾರ್ಟಿನದೂ ಆನ್ ಇರಬೇಕು, ಎರಡರಲ್ಲಿ ಒಂದು ಆಫ್ ಇದ್ದರೂ ಆಗುವುದಿಲ್ಲ.

ಇದಕ್ಕಿಂತ ತಲೆ ಕೆಡಿಸುವುದು ಕಂಟ್ರೋಲ್ ಚಾನೆಲ್. ನೀವು ಒಂದು ಪಾರ್ಟಿನ ಟೋನ್ ಬದಲಿಸಲು ಹೋಗುತ್ತೀರಿ, ಇಡೀ ಸೆಟಪ್ಪೇ ಬದಲಾಗಿ ಕೂರುತ್ತದೆ. ರೋಲ್ಯಾಂಡ್‌ನ ಜೆವಿ ಕಾಲದಿಂದ ಪರ್ಫಾರ್ಮೆನ್ಸ್ ಬದಲಿಸಲೆಂದೇ ಒಂದು ಕಂಟ್ರೋಲ್ ಚಾನೆಲ್ ಇದೆ. ಅದೂ ನಿಮ್ಮ ಪಾರ್ಟಿನ ಚಾನೆಲ್ಲೂ ಒಂದೇ ಆಗಿದ್ದರೆ ಕಂಟ್ರೋಲ್ ಚಾನೆಲ್‌ಗೇ ಮೊದಲ ಮರ್ಯಾದೆ. ಕೊರ್ಗ್‌ನಲ್ಲಿ ಆ ಕೆಲಸ ಗ್ಲೋಬಲ್ ಚಾನೆಲ್‌ನದು: ಕಾಂಬಿ ಮೋಡ್‌ನಲ್ಲಿ ಗ್ಲೋಬಲ್ ಚಾನೆಲ್‌ನಲ್ಲಿ ಬಂದ ಪ್ರೋಗ್ರಾಂ ಚೇಂಜ್ ಕಾಂಬಿಯನ್ನು ಬದಲಿಸುತ್ತದೆ, ಬೇರೆ ಚಾನೆಲ್‌ನಲ್ಲಿ ಬಂದದ್ದು ಆ ಚಾನೆಲ್‌ನ ಟಿಂಬರನ್ನು (ಕೊರ್ಗ್ ಪಾರ್ಟಿಗೆ ಕರೆಯುವ ಹೆಸರು) ಮಾತ್ರ. ನನ್ನ ಕೇಳಿದರೆ ಈ ಕಂಟ್ರೋಲ್ ಚಾನೆಲನ್ನು ಯಾರೂ ಮುಟ್ಟದ 16ಕ್ಕೆ ಹಾಕಿಡುವುದು ಒಳ್ಳೆಯದು. ಪರ್ಫಾರ್ಮೆನ್ಸ್ ಬದಲಿಸುವ ಅಗತ್ಯವೇ ಇಲ್ಲದಿದ್ದರೆ ಆಫ್ ಮಾಡಿ. ಆದರೆ ಮೇಲಿರುವುದು ರಿದಮ್ ಬರುವ ಅರೇಂಜರ್ ಕೀಬೋರ್ಡ್ ಆಗಿದ್ದರೆ 16 ಬೇಡ, ಕಾರಣ ಮುಂದೆ ಇದೆ.

ಸೆಟ್ಟಿಂಗ್ ಪುಟದಲ್ಲೇ ನಿಂತು ಪರೀಕ್ಷೆ ಮಾಡಬೇಡಿ. ಕೆಲವು ಯಂತ್ರಗಳು ಮೆನು ಅಥವಾ ಎಡಿಟ್ ಪುಟ ತೆರೆದಿರುವಾಗ ಪ್ರೋಗ್ರಾಂ ಚೇಂಜ್ ತಗೊಳ್ಳುವುದಿಲ್ಲ. ನುಡಿಸುವ ಪುಟಕ್ಕೆ ವಾಪಸ್ ಬಂದು ನೋಡಿ.

ಬದಲಾಗುತ್ತದೆ, ಆದರೆ ಬೇರೆ ಟೋನ್ ಬರುತ್ತದೆ

ಪಟ್ಟಿಯಲ್ಲಿ ಒಂದು ಮನೆ ಆಚೆಗೋ ಈಚೆಗೋ ಬರುತ್ತಿದ್ದರೆ ಎಣಿಕೆಯ ತಕರಾರು. ಒಬ್ಬರು 0ಯಿಂದ 127 ಎನ್ನುತ್ತಾರೆ, ಇನ್ನೊಬ್ಬರು 1ರಿಂದ 128. ಸಾಫ್ಟ್‌ವೇರಿನಲ್ಲಿ 41 ಎಂದು ಹಾಕಿದಿರಿ, ವಯೊಲಿನ್ ಬದಲು ವಿಯೋಲಾ ಬಂತು ಎಂದರೆ ಆ ಸಾಫ್ಟ್‌ವೇರ್ 0ಯಿಂದ ಎಣಿಸುತ್ತಿದೆ. 40 ಹಾಕಿ. ಹಳೆಯ ರೋಲ್ಯಾಂಡ್‌ಗಳಲ್ಲಿ ಎ11, ಎ12 ಎಂದು ನಂಬರ್ ಇರುತ್ತದೆ, ಅಲ್ಲಿ 8ರ ಮೇಲೆ ಅಂಕಿಯೇ ಇಲ್ಲ: ಎ18 ಆದಮೇಲೆ ಎ21. ಎ11ರಿಂದ ಎ88ರವರೆಗೆ 64, ಬಿ11ರಿಂದ ಬಿ88ರವರೆಗೆ ಇನ್ನೊಂದು 64. ಬಿ11 ಬೇಕೆಂದರೆ 65, 0ಯಿಂದ ಎಣಿಸುವವರಿಗೆ 64.

ಒಂದು ಮನೆಯಲ್ಲ, ಸಂಬಂಧವೇ ಇಲ್ಲದ ಟೋನ್ ಬರುತ್ತಿದೆ ಎಂದರೆ ಬ್ಯಾಂಕ್ ನೋಡಿ. 128ಕ್ಕಿಂತ ಜಾಸ್ತಿ ಟೋನ್ ಇರುವ ಯಂತ್ರಕ್ಕೆ ಬರೀ ಪ್ರೋಗ್ರಾಂ ಚೇಂಜ್ ಸಾಲುವುದಿಲ್ಲ. ಯಾವ ಬ್ಯಾಂಕ್ ಎಂದು ಹೇಳುವ ಬ್ಯಾಂಕ್ ಸೆಲೆಕ್ಟ್ ಸಿಸಿ (ಕಂಟ್ರೋಲ್ ಚೇಂಜ್) ಎಂಬ ಸಂದೇಶದಲ್ಲಿ ಹೋಗುತ್ತದೆ: ಮೊದಲು ಸಿಸಿ 0, ಆಮೇಲೆ ಸಿಸಿ 32, ಕೊನೆಗೆ ಪ್ರೋಗ್ರಾಂ ಚೇಂಜ್. ಸಿಸಿ 0ಗೆ ಎಂಎಸ್‌ಬಿ ಎನ್ನುತ್ತಾರೆ, ಸಿಸಿ 32ಕ್ಕೆ ಎಲ್‌ಎಸ್‌ಬಿ. ಈ ಕ್ರಮ ತಪ್ಪಬಾರದು. ಬ್ಯಾಂಕ್ ಸೆಲೆಕ್ಟ್ ಬಂದಕೂಡಲೇ ಏನೂ ಬದಲಾಗುವುದಿಲ್ಲ, ಅದು ಮುಂದಿನ ಪ್ರೋಗ್ರಾಂ ಚೇಂಜ್‌ಗೆ ಕಾಯುತ್ತಿರುತ್ತದೆ. ಸೀಕ್ವೆನ್ಸರಿನಲ್ಲಿ (ಮಿಡಿ ರೆಕಾರ್ಡ್ ಮಾಡಿ ನುಡಿಸುವ ಸಾಫ್ಟ್‌ವೇರ್) ಮೂರನ್ನೂ ಒಂದೇ ಟಿಕ್ಕಿನ, ಅಂದರೆ ಒಂದೇ ಕ್ಷಣದ, ಮೇಲೆ ಹಾಕಿದರೆ ಕೆಲವು ಸಾಫ್ಟ್‌ವೇರ್ ಪ್ರೋಗ್ರಾಂ ಚೇಂಜನ್ನು ಮುಂದೆ ದಬ್ಬಿ ಬ್ಯಾಂಕನ್ನು ಹಿಂದೆ ಕಳಿಸುತ್ತವೆ. ಆಗ ಇದೊಂದು ವಿಚಿತ್ರ ಲಕ್ಷಣ ಕಾಣುತ್ತದೆ: ಹಾಡನ್ನು ಮೊದಲ ಸಲ ಪ್ಲೇ ಮಾಡಿದರೆ ತಪ್ಪು ಟೋನ್, ನಿಲ್ಲಿಸಿ ಮತ್ತೆ ಪ್ಲೇ ಮಾಡಿದರೆ ಸರಿಯಾದ ಟೋನ್. ಹಿಂದಿನ ಸಲ ಬಂದ ಬ್ಯಾಂಕ್ ಈಗ ಕೆಲಸಕ್ಕೆ ಬಂತು, ಅಷ್ಟೇ. ಮೂರನ್ನೂ ಒಂದೊಂದು ಟಿಕ್ ಬಿಟ್ಟು ಹಾಕಿ.

ಬ್ಯಾಂಕ್ ನಂಬರ್‌ಗಳು ಕಂಪನಿಗೊಂದು ಥರ. ರೋಲ್ಯಾಂಡ್‌ನ ಎಕ್ಸ್‌ವಿ-5080, ಫ್ಯಾಂಟಮ್ ಎಕ್ಸ್‌ನಂಥವುಗಳಲ್ಲಿ ಪ್ಯಾಚ್‌ಗೆ ಎಂಎಸ್‌ಬಿ 87, ರಿದಮ್ ಸೆಟ್‌ಗೆ 86, ಪರ್ಫಾರ್ಮೆನ್ಸ್‌ಗೆ 85. ಯೂಸರ್ ಪ್ಯಾಚ್ ಎಂದರೆ 87, 0. ಮೊದಲ ಪ್ರೀಸೆಟ್ ಬ್ಯಾಂಕ್ 87, 64. ಜಿಎಂ2 (ಜನರಲ್ ಮಿಡಿ 2) ಟೋನ್‌ಗಳು 121ರಲ್ಲಿ. ಯಮಹಾದ ಎಕ್ಸ್‌ಜಿ ಪದ್ಧತಿಯಲ್ಲಿ ಡ್ರಮ್ ಕಿಟ್‌ಗೆ ಎಂಎಸ್‌ಬಿ 127. ರೋಲ್ಯಾಂಡ್‌ನ ಜಿಎಸ್ ಪದ್ಧತಿಯಲ್ಲಿ ಟೋನಿನ ಬದಲಿ ರೂಪಗಳು ಎಂಎಸ್‌ಬಿಯಲ್ಲಿ ಕೂತಿವೆ, ಎಕ್ಸ್‌ಜಿಯಲ್ಲಿ ಎಲ್‌ಎಸ್‌ಬಿಯಲ್ಲಿ. ಅದಕ್ಕೇ ಒಂದು ಕಂಪನಿಯ ಯಂತ್ರಕ್ಕೆ ಮಾಡಿದ ಮಿಡಿ ಫೈಲ್ ಇನ್ನೊಂದರಲ್ಲಿ ಹಾಕಿದರೆ ಎಲ್ಲವೂ ಸಪ್ಪೆ ಸಪ್ಪೆ ಕೇಳುತ್ತದೆ. ಕೈಪಿಡಿಯ ಕೊನೆಯಲ್ಲಿ ಅಥವಾ ಜೊತೆಗೆ ಕೊಡುವ ಡೇಟಾ ಲಿಸ್ಟ್‌ನಲ್ಲಿ ನಿಮ್ಮ ಯಂತ್ರದ ಪಟ್ಟಿ ಇರುತ್ತದೆ, ಅದನ್ನು ನೋಡದೆ ಊಹೆ ಮಾಡಬೇಡಿ.

ಕೆಲವು ಸಾಫ್ಟ್‌ವೇರ್ ಎಂಎಸ್‌ಬಿ, ಎಲ್‌ಎಸ್‌ಬಿ ಎಂದು ಕೇಳದೆ ಒಂದೇ ಬ್ಯಾಂಕ್ ನಂಬರ್ ಕೇಳುತ್ತವೆ. ಎಂಎಸ್‌ಬಿಯನ್ನು 128ರಿಂದ ಗುಣಿಸಿ ಎಲ್‌ಎಸ್‌ಬಿ ಕೂಡಿಸಿ. 87, 64 ಆದರೆ 11,200.

ನಾನು ಏನೂ ಒತ್ತಿಲ್ಲ, ತಾನಾಗೇ ಟೋನ್ ಬದಲಾಗುತ್ತದೆ

ಮೇಲಿರುವುದು ರಿದಮ್ ಬರುವ ಅರೇಂಜರ್ ಕೀಬೋರ್ಡ್ ಆಗಿದ್ದರೆ ಅನುಮಾನವೇ ಬೇಡ, ಅದರ ಸ್ಟೈಲ್ ಕಳ್ಳ. ಯಮಹಾ ಪಿಎಸ್‌ಆರ್ ಸ್ಟೈಲ್‌ಗಳು 9ರಿಂದ 16ರವರೆಗಿನ ಚಾನೆಲ್ ಬಳಸುತ್ತವೆ: 10ರಲ್ಲಿ ಡ್ರಮ್, 11ರಲ್ಲಿ ಬೇಸ್, ಮುಂದೆ ಕಾರ್ಡು, ಪ್ಯಾಡು. ಸ್ಟೈಲ್ ಮಿಡಿಯಿಂದ ಹೊರಗೆ ಹೋಗುತ್ತಿದ್ದರೆ ಸ್ಟೈಲ್ ಬದಲಿಸಿದಾಗ ಅದರ ಪ್ರೋಗ್ರಾಂ ಚೇಂಜ್‌ಗಳೂ ಹೋಗುತ್ತವೆ. ಕೆಳಗಿನ ಸಿಂಥ್ ಓಮ್ನಿಯಲ್ಲಿದ್ದರೆ, ಅಂದರೆ ಎಲ್ಲ ಚಾನೆಲ್ಲೂ ಕೇಳುತ್ತಿದ್ದರೆ, ನಿಮ್ಮ ಕೊಳಲು ನಡುವೆ ಬೇಸ್ ಗಿಟಾರ್ ಆಗಿಬಿಡುತ್ತದೆ. ಮೇಲಿನದರಲ್ಲಿ ‘ಸ್ಟೈಲ್ ಔಟ್’ ಆಫ್ ಮಾಡಿ, ಕೆಳಗಿನದರಲ್ಲಿ ಓಮ್ನಿ ತೆಗೆದು ಒಂದೇ ಚಾನೆಲ್ ಕೊಡಿ. ಎರಡೂ ಮಾಡಿ. ಸ್ಟೈಲ್ ಔಟ್ ಬೇಕೇ ಬೇಕು ಎನ್ನುವವರು ಕೆಳಗಿನದರ ಚಾನೆಲ್, ಕಂಟ್ರೋಲ್ ಚಾನೆಲ್ ಎರಡನ್ನೂ 9ರಿಂದ ಕೆಳಗೆ ಇಟ್ಟುಕೊಳ್ಳಿ: ಚಾನೆಲ್ ಮೇಲಿನದರಲ್ಲಿ ನಿಮ್ಮ ಕೈ ನುಡಿಸುವುದೇ ಇರಲಿ, ಕಂಟ್ರೋಲ್ ಚಾನೆಲ್ ಮಾತ್ರ ಕೈ ಬಳಸದ್ದು ಇರಲಿ.

ಕೊರ್ಗ್ ಕಾಂಬಿಯಲ್ಲಿ ಟಿಂಬರಿನ ಸ್ಟೇಟಸ್ ‘ಎಕ್ಸ್‌ಟರ್ನಲ್’ ಎಂದಿದ್ದರೆ ಕಾಂಬಿ ಆರಿಸಿದ ಕೂಡಲೇ ಹೊರಗಿನ ಯಂತ್ರಕ್ಕೆ ಪ್ರೋಗ್ರಾಂ ಚೇಂಜ್ ಹೋಗುತ್ತದೆ. ಬೇಡದಿದ್ದರೆ ‘ಇಂಟರ್ನಲ್’ ಮಾಡಿ. ಮಿಡಿ ಫೈಲ್ ಪ್ಲೇ ಮಾಡುವವರು ಇನ್ನೊಂದನ್ನು ಗಮನಿಸಿ: ಫೈಲಿನ ಮೊದಲಲ್ಲಿ ಜಿಎಂ ರೀಸೆಟ್ ಇದ್ದರೆ ಎಲ್ಲ ಚಾನೆಲ್ಲೂ ಪಿಯಾನೋಗೆ ಹೋಗುತ್ತದೆ, 10 ಬಿಟ್ಟು. ರೀಸೆಟ್ ಮುಗಿಯಲು ಸುಮಾರು 50 ಮಿಲಿಸೆಕೆಂಡ್ ಬೇಕು, ಅಷ್ಟರೊಳಗೆ ಬಂದ ಪ್ರೋಗ್ರಾಂ ಚೇಂಜ್ ಕಳೆದುಹೋಗಬಹುದು.

ಹಾಗೇ ವೇಗದ ಮಾತು. ಐದು ಪಿನ್ನಿನ ಮಿಡಿ ಸೆಕೆಂಡಿಗೆ 31,250 ಬಿಟ್ ಕಳಿಸುತ್ತದೆ, ಒಂದು ಬೈಟಿಗೆ 0.32 ಮಿಲಿಸೆಕೆಂಡ್. ಬ್ಯಾಂಕ್ ಸಮೇತ ಒಂದು ಟೋನ್ ಬದಲಿಸಲು 8 ಬೈಟ್, ಸುಮಾರು 2.6 ಮಿಲಿಸೆಕೆಂಡ್. ಅದು ಏನೂ ಅಲ್ಲ. 16 ಚಾನೆಲ್‌ಗೂ ಒಟ್ಟಿಗೆ ಕಳಿಸಿದರೆ 41 ಆಗುತ್ತದೆ, ಅದರ ಮೇಲೆ ಸಿಂಥ್‌ಗೆ ಟೋನ್ ಲೋಡ್ ಮಾಡುವ ಸಮಯ. ಮೊದಲ ನೋಟಿಗಿಂತ ಒಂದು ಬೀಟ್ ಮುಂಚೆ ಕಳಿಸಿಬಿಡಿ.

ಉಳಿದ ಚಿಲ್ಲರೆ ಕಿರಿಕಿರಿಗಳು

ಟೋನ್ ಬದಲಾಗಿದೆ, ಹೆಸರೂ ಸರಿಯಿದೆ, ಸೌಂಡ್ ಮಾತ್ರ ಇಲ್ಲ. ಸಿಸಿ 7 ಅಥವಾ ಸಿಸಿ 11 ಸೊನ್ನೆಯಲ್ಲಿ ಕೂತಿದೆ. ಮೊದಲನೆಯದು ವಾಲ್ಯೂಮ್, ಎರಡನೆಯದು ಎಕ್ಸ್‌ಪ್ರೆಷನ್ ಪೆಡಲ್. ಪ್ರೋಗ್ರಾಂ ಚೇಂಜ್ ಇವನ್ನು ಮುಟ್ಟುವುದೇ ಇಲ್ಲ ಎಂದಿಟ್ಟುಕೊಳ್ಳಿ. ಸಿಸಿ 121 ಕಳಿಸಿದರೆ ಎಕ್ಸ್‌ಪ್ರೆಷನ್ ಸರಿಹೋಗುತ್ತದೆ, ವಾಲ್ಯೂಮ್ ಹೋಗುವುದಿಲ್ಲ. ಅದನ್ನು ನೀವೇ ಎತ್ತಬೇಕು.

ಪಿಯಾನೋ ನುಡಿಸಿದರೆ ಡ್ರಮ್ ಬರುತ್ತಿದೆ, ನಡುವಿನ ಸಾ ಒತ್ತಿದರೆ ಬಾಂಗೋ. ಚಾನೆಲ್ 10ರಲ್ಲಿದ್ದೀರಿ. ಜನರಲ್ ಮಿಡಿಯಲ್ಲಿ 10 ಡ್ರಮ್‌ಗೆ ಮೀಸಲು, ಅಲ್ಲಿ ಪ್ರೋಗ್ರಾಂ ಚೇಂಜ್ ಕಳಿಸಿದರೆ ಕಿಟ್ ಬದಲಾಗುತ್ತದೆಯೇ ಹೊರತು ಪಿಯಾನೋ ಬರುವುದಿಲ್ಲ.

ನೋಟ್ ನಿಲ್ಲದೆ ಕೂಗುತ್ತಲೇ ಇದೆ. ಕೀ ಒತ್ತಿ ಹಿಡಿದಿರುವಾಗ ಕಳಿಸುವ ಚಾನೆಲ್ ಬದಲಿಸಿದ್ದೀರಿ. ಕೀ ಬಿಟ್ಟ ಸುದ್ದಿ ಹೊಸ ಚಾನೆಲ್‌ಗೆ ಹೋಯಿತು, ಹಳೆಯದಕ್ಕೆ ತಲುಪಲೇ ಇಲ್ಲ. ಪ್ಯಾನಿಕ್ ಬಟನ್ ಒತ್ತಿ. ಸಸ್ಟೇನ್ ಪೆಡಲ್ ಒತ್ತಿಯೇ ಇದೆ ಎಂದು ಸಿಂಥ್ ಅಂದುಕೊಂಡಿದ್ದರೆ ಸಿಸಿ 123ಕ್ಕೂ ನೋಟ್ ನಿಲ್ಲುವುದಿಲ್ಲ, ಸಿಸಿ 120 ಬೇಕು.

ಕಂಪ್ಯೂಟರಿಗೆ ಜೋಡಿಸಿದಾಗ ಪ್ರತಿ ನೋಟೂ ಎರಡೆರಡು ಸಲ, ಸೌಂಡ್ ಮೂಗಿನಿಂದ ಬಂದ ಹಾಗೆ. ಕೀಬೋರ್ಡ್ ತಾನೂ ನುಡಿಸುತ್ತಿದೆ, ಸಾಫ್ಟ್‌ವೇರ್ ವಾಪಸ್ ಕಳಿಸಿದ್ದನ್ನೂ ನುಡಿಸುತ್ತಿದೆ. ಲೋಕಲ್ ಆಫ್ ಮಾಡಿ, ಇಲ್ಲವೇ ಸಾಫ್ಟ್‌ವೇರಿನಲ್ಲಿ ಮಿಡಿ ಥ್ರೂ ತೆಗೆಯಿರಿ.

ಟೋನ್ ಬದಲಿಸಿದ ಕೂಡಲೇ ಹಿಂದಿನ ಟೋನಿನ ಬಾಲ ಕಟ್ಟಾಗುವುದು ದೋಷವಲ್ಲ, ಅನೇಕ ಸಿಂಥ್‌ಗಳು ಹಾಗೇ. ‘ಪ್ಯಾಚ್ ರಿಮೇನ್’ ಎಂಬ ಸೆಟ್ಟಿಂಗ್ ಇದ್ದರೆ ಆನ್ ಮಾಡಿ. ಆದರೂ ಎಫೆಕ್ಟ್ ಬದಲಾದರೆ ರಿವರ್ಬ್ ಕಟ್ಟಾಗಬಹುದು.

ಎಲ್ಲ ಸರಿಹೋದ ಮೇಲೆ ಸೇವ್ ಮಾಡಿ. ಇದರಲ್ಲೂ ಒಂದು ಪೇಚು ಇದೆ: ಸಿಸ್ಟಂ ಸೆಟ್ಟಿಂಗ್ ಬೇರೆ ಸೇವ್ ಆಗುತ್ತದೆ, ಪರ್ಫಾರ್ಮೆನ್ಸ್ ಬೇರೆ. ಒಂದನ್ನು ಮಾತ್ರ ರೈಟ್ ಮಾಡಿ ಆಫ್ ಮಾಡಿದರೆ ಮಾರನೇ ದಿನ ಅರ್ಧ ಸೆಟ್ಟಿಂಗ್ ಮಾತ್ರ ಉಳಿದಿರುತ್ತದೆ. ಎರಡನ್ನೂ ರೈಟ್ ಮಾಡಿ, ಒಮ್ಮೆ ಆಫ್ ಮಾಡಿ ಆನ್ ಮಾಡಿ ನೋಡಿ, ಆಮೇಲೆ ಪೆನ್‌ಡ್ರೈವಿಗೆ ಬ್ಯಾಕಪ್ ತಗೊಳ್ಳಿ.